ಮುಂಗಾರಿನ ಶಾಸ್ತ್ರವೂ ಉಲ್ಲೇಖಗಣನೆಯೂ: ಸುಲೋಚನಾ ಗಾಡ್ಗೀಳರ ಸಂಶೋಧನೆ ಮತ್ತು ಚಿಕ್ಕೋಡಿ-ಅಥಣಿ ಸೀಮೆ

ಒಬ್ಬ ಗ್ರಂಥಕರ್ತನ ಮಾತನ್ನು ಮತ್ತೊಬ್ಬನು ತನ್ನ ಗ್ರಂಥದಲ್ಲಿ ಎತ್ತಿಕೊಂಡು ಹೇಳುವ ಪದ್ಧತಿಯು ಕನ್ನಡ ಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ಕವಿರಾಜಮಾರ್ಗಕಾರನು ತನಗಿಂತ ಹಿಂದಿನ ಗದ್ಯಕಾರರ ಹೆಸರುಗಳನ್ನು ಹೇಳದೆ ಇದ್ದಿದ್ದರೆ, ಅವರಲ್ಲಿ ಕೆಲವರು ಇದ್ದರೆಂಬುದೇ ಇಂದು ತಿಳಿಯುತ್ತಿರಲಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ದೊರೆತಿಲ್ಲ. ಕೇಶಿರಾಜನೇ ಮೊದಲಾದ ಮುಂದಿನವರು ಉದಾಹರಿಸಿದುದರ ಮೂಲಕವೇ ಆ ಕೃತಿಗಳ ಪರಿಚಯವು ಸಾಹಿತ್ಯಚರಿತ್ರಕಾರರಿಗೆ ಆಯಿತು. ಕೇಶಿರಾಜನಿಗೆ ಬೇಕಾಗಿದ್ದುದು ತನ್ನ ಸೂತ್ರಕ್ಕೆ ಒಂದು ಲಕ್ಷ್ಯವೇ ಹೊರತು ಪೂರ್ವಕವಿಯ ಕೀರ್ತಿಯಲ್ಲ. ಆದಕಾರಣ ಯಾವ ಕವಿಯ ಎಷ್ಟು ಪದ್ಯಗಳು ಶಬ್ದಮಣಿದರ್ಪಣದಲ್ಲಿ ಬಂದಿವೆಯೆಂದು ಎಣಿಸಿ ಅವನ ಕವಿತ್ವದ ತೂಕವನ್ನು ನಿರ್ಣಯಿಸುವ ಸಾಹಸವನ್ನು ಯಾವ ವಿಮರ್ಶಕನೂ ಮಾಡಿದ್ದಿಲ್ಲ.

ಆಧುನಿಕ ವಿಜ್ಞಾನದಲ್ಲಾದರೋ ಆ ಸಾಹಸವು ನಿತ್ಯವ್ಯವಹಾರವಾಗಿದೆ. ಅಮೆರಿಕದ ಯೂಜೀನ್ ಗಾರ್ಫೀಲ್ಡನು ೧೯೫೫ರಲ್ಲಿ ವಿಜ್ಞಾನಲೇಖನಗಳಿಗೊಂದು ಉಲ್ಲೇಖಸೂಚಿ ಬೇಕೆಂದು ಪ್ರತಿಪಾದಿಸಿ, ೧೯೬೪ರಿಂದ ಅದನ್ನು ಕ್ರಮವಾಗಿ ಪ್ರಕಟಿಸತೊಡಗಿದನು. ಒಂದು ವಿಷಯವನ್ನು ಹುಡುಕುವವನಿಗೆ, ಹಿಂದಿನ ಲೇಖನದಿಂದ ಅದನ್ನು ಆಧರಿಸಿದ ಮುಂದಿನ ಲೇಖನಕ್ಕೆ ದಾರಿ ತೋರಿಸುವುದು ಸೂಚಿಯ ಮೂಲೋದ್ದೇಶ. ಬರಬರುತ್ತ ದಾರಿ ತೋರಿಸುವ ಕೈಮರವೇ ಅಳತೆಯ ಕೋಲಾಯಿತು. ೨೦೦೫ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಬ್ಬ ವಿದ್ವಾಂಸನ ಜೀವಮಾನದ ಕಾರ್ಯವನ್ನೆಲ್ಲ ಒಂದೇ ಅಂಕೆಯಲ್ಲಿ ಹೇಳುವ ಉಪಾಯವನ್ನು ಕಂಡುಹಿಡಿದನು. ಅವನ ಲೆಕ್ಕದಲ್ಲಿ, ಒಬ್ಬರ ಲೇಖನಗಳ ಪೈಕಿ ಇಪ್ಪತ್ತು ಮಾತ್ರ ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ ಇಪ್ಪತ್ತು. ಇಂದು ಅಧ್ಯಾಪಕರ ನೇಮಕ, ಬಡ್ತಿ, ಪ್ರಶಸ್ತಿಗಳಲ್ಲಿ ಈ ಅಂಕೆಗೆ ಪ್ರಾಮಾಣ್ಯವುಂಟು.

ಈ ಅಳತೆಯು ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು ಎಂಬುದನ್ನು ಬರಿಯ ತರ್ಕದಿಂದ ಚರ್ಚಿಸುವುದಕ್ಕಿಂತ ಒಂದು ದೃಷ್ಟಾಂತದಿಂದ ಪರೀಕ್ಷಿಸುವುದು ಮೇಲು. ಬೆಂಗಳೂರಿನಲ್ಲಿ ನಾಲ್ಕು ದಶಕಗಳಿಗೂ ಮೀರಿ ಮುಂಗಾರು ಮಳೆಯನ್ನೇ ಅಭ್ಯಸಿಸಿದ ಸುಲೋಚನಾ ಗಾಡ್ಗೀಳರ (೧೯೪೪-೨೦೨೫) ಬರವಣಿಗೆಯು ಇದಕ್ಕೆ ತಕ್ಕ ದೃಷ್ಟಾಂತ. ಅದನ್ನು ಪರೀಕ್ಷಿಸುವ ನೆಲವಾಗಿ ಬೆಳಗಾವಿ ಜಿಲ್ಲೆಯ ಉತ್ತರದ ಐದು ತಾಲೂಕುಗಳನ್ನು, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು, ಇಲ್ಲಿ ಆರಿಸಿಕೊಂಡಿದೆ. ಗಾಡ್ಗೀಳರು ಈ ಸೀಮೆಯವರಲ್ಲ. ಆದರೆ ಮಳೆಯ ಶಾಸ್ತ್ರವೊಂದರ ಬೆಲೆಯನ್ನು ಕಟ್ಟಬೇಕಾದರೆ, ಮಳೆಯೇ ಜೀವನವನ್ನು ನಿರ್ಣಯಿಸುವ ನೆಲವೊಂದು ಬೇಕು. ಅಂಥ ನೆಲಗಳಲ್ಲಿ ಇಷ್ಟು ಕಿರಿದಾದ ಅಂತರದೊಳಗೆ ಇಷ್ಟು ವೈವಿಧ್ಯವನ್ನು ತೋರಿಸುವ ಸೀಮೆಗಳು ವಿರಳ.

ಅವರ ಜೀವನವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪುಣೆಯಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ೧೯೭೦ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆಗಿನ ಅವರ ವಿಷಯ ಮಳೆಯಲ್ಲ. ಅಟ್ಲಾಂಟಿಕ್ ಸಾಗರದ ಗಲ್ಫ್ ಪ್ರವಾಹವು ಬಳುಕಿ ಹರಿಯುವ ಬಗೆ. ಬಳಿಕ ಜೂಲ್ ಚಾರ್ನಿಯೆಂಬ ಪ್ರಸಿದ್ಧ ಪವನಶಾಸ್ತ್ರಜ್ಞನ ಬಳಿ ಕೆಲಸಮಾಡಿ, ೧೯೭೧ರಲ್ಲಿ ಸ್ವದೇಶಕ್ಕೆ ಮರಳಿ, ೧೯೭೩ರಲ್ಲಿ ಪತಿ ಮಾಧವ ಗಾಡ್ಗೀಳರೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ೧೯೮೨ರಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರವು ಸ್ಥಾಪಿತವಾದಾಗ ಅದರ ಪ್ರವರ್ತಕರಲ್ಲಿ ಅವರೂ ಒಬ್ಬರು.

ಅವರ ಮುಖ್ಯ ಸಿದ್ಧಾಂತವನ್ನು ತಿಳಿಯುವುದಕ್ಕೆ ಮೊದಲು ಹಿಂದಿನ ಸಿದ್ಧಾಂತವನ್ನು ತಿಳಿಯಬೇಕು. ೧೬೮೬ರಲ್ಲಿ ಎಡ್ಮಂಡ್ ಹ್ಯಾಲಿಯು ಮುಂಗಾರನ್ನು ಒಂದು ಬೃಹತ್ತಾದ ಕಡಲಗಾಳಿಯೆಂಬಂತೆ ವಿವರಿಸಿದನು. ಬೇಸಗೆಯಲ್ಲಿ ನೆಲವು ಕಡಲಿಗಿಂತ ಹೆಚ್ಚು ಕಾಯುತ್ತದೆ. ನೆಲದ ಮೇಲಣ ಗಾಳಿ ಹಗುರಾಗಿ ಮೇಲೇರುತ್ತದೆ. ಆ ತೆರಪನ್ನು ತುಂಬಲು ಕಡಲಿನ ತೇವದ ಗಾಳಿ ನುಗ್ಗುತ್ತದೆ. ಶಾಲೆಯ ಭೂಗೋಲಪುಸ್ತಕಗಳಲ್ಲಿ ಮಕ್ಕಳು ಓದುತ್ತ ಬಂದಿರುವುದು ಈ ವಿವರಣೆಯನ್ನೇ. ನೋಡುವುದಕ್ಕೆ ಸುಲಭವೂ ಸುಂದರವೂ ಆದ ಈ ವಿವರಣೆಯಲ್ಲಿ ಒಂದು ತೊಡಕುಂಟು. ನೆಲದ ಕಾವೇ ಮಳೆಯ ಕಾರಣವಾದಲ್ಲಿ, ಕಾವು ಹೆಚ್ಚಿದಷ್ಟೂ ಮಳೆ ಹೆಚ್ಚಬೇಕು. ನಡೆಯುವುದು ಇದಕ್ಕೆ ವಿರುದ್ಧ. ನೆಲವು ಅತ್ಯಂತ ಕಾಯುವುದು ಮಳೆಗೆ ಮುಂಚಿನ ಮೇ ತಿಂಗಳಲ್ಲಿ. ಮಳೆಯು ನಡುವೆ ಬಿಡುವು ಕೊಟ್ಟಾಗ ಕಾವು ಮತ್ತೆ ಏರುತ್ತದೆ. ಬರಗಾಲದ ವರ್ಷದಲ್ಲಿ ನೆಲವು ಸಮೃದ್ಧಿಯ ವರ್ಷಕ್ಕಿಂತ ಬಿಸಿಯಾಗಿರುತ್ತದೆ. ಸಿಮ್ಲೆಯ ಹವಾಮಾನ ಇಲಾಖೆಯಲ್ಲಿ ಬಹುಕಾಲ ಕೆಲಸಮಾಡಿದ ಜಾರ್ಜ್ ಸಿಂಪ್ಸನ್ನನು ೧೯೨೧ರಲ್ಲಿಯೇ ಈ ಆಕ್ಷೇಪವನ್ನು ಸ್ಪಷ್ಟವಾಗಿ ಎತ್ತಿದ್ದನು. ಅಥಣಿಯ ಒಕ್ಕಲಿಗನಿಗೆ ಇದನ್ನು ಯಾವ ಪಂಡಿತನೂ ಹೇಳಬೇಕಾಗಿಲ್ಲ. ಆಷಾಢದಲ್ಲಿ ಬಿಸಿಲು ಉರಿದ ವರ್ಷ ಬಿತ್ತಿದ್ದು ಬಾರದೆಂಬುದು ಅವನ ಅನುಭವ. ಅದು ಹಾಗಿರಲಿ, ಸಿಂಪ್ಸನ್ನನ ಆಕ್ಷೇಪವು ಪುಸ್ತಕದಲ್ಲಿಯೇ ಉಳಿಯಿತು, ಹ್ಯಾಲಿಯ ಚಿತ್ರವು ಶಾಲೆಗಳಲ್ಲಿ ನಡೆಯಿತು.

೧೯೮೦ರಲ್ಲಿ ಗಾಡ್ಗೀಳರು ಪುಣೆಯ ಡಿ. ಆರ್. ಸಿಕ್ಕಾ ಅವರೊಡನೆ ಅಮೆರಿಕದ ಪವನಶಾಸ್ತ್ರ ಮಾಸಿಕವೊಂದರಲ್ಲಿ ಪ್ರಕಟಿಸಿದ ಲೇಖನವು ಈ ವಾದಕ್ಕೆ ಹೊಸ ದಿಕ್ಕನ್ನು ಕೊಟ್ಟಿತು. ಆ ಹೊತ್ತಿಗೆ ಕೃತಕ ಉಪಗ್ರಹಗಳು ಪ್ರತಿದಿನವೂ ಮೋಡಗಳ ಚಿತ್ರವನ್ನು ತೆಗೆದು ಕಳುಹಿಸುತ್ತಿದ್ದುವು. ೧೯೭೩ರಿಂದ ೧೯೭೭ರವರೆಗಿನ ಐದು ವರ್ಷಗಳ ಚಿತ್ರಗಳಲ್ಲಿ, ಏಪ್ರಿಲಿನಿಂದ ಅಕ್ಟೋಬರಿನವರೆಗೆ, ಭಾರತದ ರೇಖಾಂಶಗಳಲ್ಲಿ ದಟ್ಟವಾದ ಮೋಡದ ಪಟ್ಟಿಯು ದಿನದಿನಕ್ಕೆ ಎಲ್ಲಿದ್ದಿತೆಂಬುದನ್ನು ಅವರಿಬ್ಬರೂ ಗುರುತುಹಾಕಿದರು. ಫಲಿತಾಂಶವು ಸರಳವಾಗಿದ್ದರೂ ಗಹನವಾದುದು. ಪೂರ್ವಪಶ್ಚಿಮವಾಗಿ ಹಬ್ಬಿದ ಈ ಮೇಘಪಟ್ಟಿಗೆ ಎರಡು ನೆಲೆಗಳು: ಒಂದು ಉತ್ತರದಲ್ಲಿ, ನಾಡಿನ ಮೇಲೆ, ಇನ್ನೊಂದು ದಕ್ಷಿಣದಲ್ಲಿ, ಭೂಮಧ್ಯರೇಖೆಯ ಸಮೀಪದ ಕಡಲಿನ ಮೇಲೆ. ದಕ್ಷಿಣದ ಪಟ್ಟಿಯು ಎರಡರಿಂದ ಆರು ವಾರಗಳಿಗೊಮ್ಮೆ ಉತ್ತರಾಭಿಮುಖವಾಗಿ ಸರಿದು ನಾಡಿನ ಮೇಲೆ ಬಂದು ನಿಲ್ಲುತ್ತದೆ. ಹೀಗೆ ಕಡಲಿನಿಂದ ಹೊಸ ಪಟ್ಟಿಯು ಬಂದು ಜೀರ್ಣೋದ್ಧಾರ ಮಾಡದೆ ಹೋದರೆ ಉತ್ತರದ ಪಟ್ಟಿಯು ಒಂದು ತಿಂಗಳಿಗಿಂತ ಹೆಚ್ಚು ಬಾಳಲಾರದು. ಇದರಿಂದ ವ್ಯಕ್ತವಾಗುವುದೇನೆಂದರೆ, ಮುಂಗಾರೆಂಬುದು ನೆಲದ ಕಾವು ಎಳೆದು ತಂದ ಕಡಲಗಾಳಿಯಲ್ಲ. ಭೂಮಧ್ಯರೇಖೆಯ ಇಕ್ಕೆಲಗಳ ಗಾಳಿಗಳು ಕೂಡಿ ಮೇಲೇರುವ ಸಂಗಮವಲಯವೇ ಋತುವಿಗನುಸಾರವಾಗಿ ನಾಡಿನ ಮೇಲಕ್ಕೆ ಬರುವಿಕೆ. ಮೇಲೇರಿದ ತೇವವು ನೀರಾಗುವಾಗ ಬಿಡುವ ಶಾಖವೇ ಆ ಪಟ್ಟಿಯ ಜೀವಾಳ.

ಗಾಡ್ಗೀಳರ ಬರವಣಿಗೆಯಲ್ಲಿ ಅತಿಹೆಚ್ಚು ಉಲ್ಲೇಖಗೊಂಡವುಗಳ ಸಾಲಿನಲ್ಲಿ ಈ ಲೇಖನವು ನಿಲ್ಲುತ್ತದೆ. ಅದರ ಜೊತೆಗೆ ಎಣಿಸಬೇಕಾದವು ಇನ್ನು ಕೆಲವುಂಟು. ೧೯೮೪ರಲ್ಲಿ ಪಿ. ವಿ. ಜೋಸೆಫ್, ಎನ್. ವಿ. ಜೋಶಿಯವರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು: ಕಡಲಿನ ಮೇಲ್ಮೈ ಸುಮಾರು ೨೮ ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ದಟ್ಟಮೋಡಗಳು ಕೂಡುವುದು ಅಪೂರ್ವ, ಅದನ್ನು ಮೀರಿದ ಮೇಲೆ ಮೋಡದ ಪ್ರಮಾಣವನ್ನು ಕಡಲಿನ ಕಾವೊಂದೇ ನಿರ್ಣಯಿಸಲಾರದು. ೨೦೦೩ರ ವಾರ್ಷಿಕ ಸಮೀಕ್ಷೆಯೊಂದರಲ್ಲಿ ಮುಂಗಾರಿನ ಏರಿಳಿತಗಳನ್ನೆಲ್ಲ ಒಟ್ಟುಗೂಡಿಸಿ ಬರೆದ ದೀರ್ಘ ಪ್ರಬಂಧ. ೨೦೦೪ರಲ್ಲಿ ವಿನಯಚಂದ್ರನ್, ಫ್ರಾನ್ಸಿಸ್, ಸಿದ್ಧಾರ್ಥ ಗಾಡ್ಗೀಳರೊಡನೆ ಬರೆದದ್ದರಲ್ಲಿ, ಭಾರತದ ಬರಗಾಲಗಳಿಗೆ ಶಾಂತಸಾಗರದ ಎಲ್ ನಿನ್ಯೋ ಒಂದನ್ನೇ ಹೊಣೆಮಾಡುವುದು ಸಾಲದೆಂದೂ, ಭೂಮಧ್ಯರೇಖೆಯ ಬಳಿ ಹಿಂದೂಮಹಾಸಾಗರದ ಪೂರ್ವಪಶ್ಚಿಮಗಳ ನಡುವೆ ಮೋಡಗಳು ತೂಗುವ ತೂಗುಯ್ಯಾಲೆಯನ್ನೂ ಗಣಿಸಬೇಕೆಂದೂ ತೋರಿಸಲಾಯಿತು. ಅದಕ್ಕೆ ಮುಂಚೆ ೧೯೯೭ರಲ್ಲಿ ಎಲ್ ನಿನ್ಯೋ ಅತಿ ಪ್ರಬಲವಾಗಿದ್ದರೂ ದೇಶದಲ್ಲಿ ಮಳೆ ಸಾಧಾರಣವಾಗಿತ್ತು. ೨೦೦೨ರಲ್ಲಿ ಅದು ಅಷ್ಟು ಪ್ರಬಲವಲ್ಲದಿದ್ದರೂ ಜುಲೈ ಮಳೆಯು ಸುಮಾರು ಅರ್ಧದಷ್ಟು ತಪ್ಪಿ ಘೋರವಾದ ಬರ ಬಂದಿತು. ಈ ಎರಡು ವರ್ಷಗಳ ಒಗಟನ್ನು ಬಿಡಿಸಿದ್ದರಿಂದಲೇ ಆ ಚಿಕ್ಕ ಲೇಖನಕ್ಕೆ ಗೌರವ ದೊರೆಯಿತು. ಕೊನೆಯದಾಗಿ, ೨೦೧೦ರಲ್ಲಿ ರಾಜೀವನ್, ಭಾಟೆಯವರೊಡನೆ ಮಳೆಯ ಬಿರುಸು-ಬಿಡುವುಗಳ ಲಕ್ಷಣವನ್ನು ನಿಶ್ಚಯಿಸಿದ ಲೇಖನ. ಯಾವ ದಿನವನ್ನು ಬಿಡುವೆಂದು ಕರೆಯಬೇಕೆಂಬ ವಾದಕ್ಕೆ ಅದು ಒಂದು ಸರ್ವಸಮ್ಮತವಾದ ಮಾನದಂಡವನ್ನು ಒದಗಿಸಿತಾಗಿ, ಆ ವಿಷಯವನ್ನು ಮುಟ್ಟಿದವರೆಲ್ಲ ಅದನ್ನು ಹೆಸರಿಸಬೇಕಾಯಿತು. ಇವುಗಳ ಉಲ್ಲೇಖಸಂಖ್ಯೆಯು ದಿನದಿನಕ್ಕೆ ಬೆಳೆಯುವುದಾದ್ದರಿಂದ ಅದನ್ನು ಇಲ್ಲಿ ಅಚ್ಚುಹಾಕುವುದರಿಂದ ಫಲವಿಲ್ಲ. ಯಾವ ಜಾತಿಯ ಲೇಖನಗಳು ಮುಂದೆ ನಿಂತಿವೆಯೆಂಬುದು ಮುಖ್ಯ.

ಅವುಗಳಲ್ಲಿ ಒಂದು ಸಾಮಾನ್ಯಧರ್ಮವು ಕಾಣುತ್ತದೆ. ಅವೆಲ್ಲವೂ ಅಖಿಲಭಾರತದ ಮಳೆಯನ್ನೋ, ಸಾಗರಗಳನ್ನೋ, ಇಲ್ಲವೆ ಮುಂಗಾರಿನ ಗರ್ಭವಲಯವೆನಿಸಿದ ಮಧ್ಯಭಾರತವನ್ನೋ ಕುರಿತವು. ಬಿರುಸು-ಬಿಡುವುಗಳನ್ನು ಅಳೆದದ್ದು ಸ್ಥೂಲವಾಗಿ ೧೮ನೆಯ ಉತ್ತರ ಅಕ್ಷಾಂಶದಿಂದ ೨೮ರವರೆಗಿನ ಪ್ರದೇಶದಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಐದೂ ೧೬ ಮತ್ತು ೧೭ರ ನಡುವೆ ಬರುತ್ತವೆ. ಎಂದರೆ ಅವು ಗರ್ಭವಲಯದ ಹೊರಗೆ, ಅದರ ದಕ್ಷಿಣದ ಹೊಸ್ತಿಲಿನಾಚೆ ಇರುವ ಊರುಗಳು. ಮೇಘಪಟ್ಟಿಯು ಉತ್ತರಕ್ಕೆ ಹೋಗುವಾಗ ದಾಟುವ ದಾರಿ ಇದು. ಅದು ತಂಗುವ ಮನೆಯಲ್ಲ.

ಈ ಸೀಮೆಯ ಮಳೆಯ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪಶ್ಚಿಮದ ತುದಿಯಲ್ಲಿರುವ ನಿಪ್ಪಾಣಿಯು ಸಹ್ಯಾದ್ರಿಗೆ ಹತ್ತಿರ. ಅಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಜುಲೈ ತಿಂಗಳಲ್ಲಿ ಹಿಡಿದು ಸುರಿಯುವುದುಂಟು. ತಂಬಾಕಿಗೆ ಆ ಊರು ಹೆಸರಾದದ್ದು ಎಲ್ಲರಿಗೂ ತಿಳಿದದ್ದೇ. ಚಿಕ್ಕೋಡಿಯನ್ನು ಹಾದು ಪೂರ್ವಕ್ಕೆ ಬಂದಂತೆ ಮಳೆಯು ಹೆಜ್ಜೆ ಹೆಜ್ಜೆಗೂ ಕುಗ್ಗುತ್ತದೆ. ನೂರು ಕಿಲೋಮೀಟರೂ ಇಲ್ಲದ ಅಂತರದಲ್ಲಿ ಅಥಣಿಯ ಪೂರ್ವಭಾಗವನ್ನು ಮುಟ್ಟುವಷ್ಟರಲ್ಲಿ ಸಹ್ಯಾದ್ರಿಯ ಮಳೆನೆರಳು ಪೂರ್ಣವಾಗಿ ಕವಿಯುತ್ತದೆ. ಅಲ್ಲಿ ಮುಂಗಾರಿಯು ಆರಂಭದಲ್ಲಿ ಒಂದಿಷ್ಟು ಸುರಿದು, ಜುಲೈ-ಆಗಸ್ಟ್‌ಗಳಲ್ಲಿ ಸೊರಗಿ, ಸೆಪ್ಟೆಂಬರಿನಲ್ಲಿ ಮರಳಿ ಬಲಗೊಳ್ಳುತ್ತದೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವವನು ಕಾದುಕೊಂಡಿರುವುದು ಹುಬ್ಬ, ಉತ್ತರೆ, ಹಸ್ತಗಳಿಗಾಗಿ. ಗರ್ಭವಲಯದಲ್ಲಿ ಜುಲೈ-ಆಗಸ್ಟ್‌ಗಳಲ್ಲಿ ಅಳೆದ ಬಿರುಸು-ಬಿಡುವುಗಳ ಪಟ್ಟಿಯಿಂದ ಅವನ ಭಾಗ್ಯವು ತಿಳಿಯುವುದು ಅಷ್ಟಕ್ಕಷ್ಟೇ.

ಇದಕ್ಕೆ ಸೇರಿದ ಇನ್ನೊಂದು ವೈಚಿತ್ರ್ಯವುಂಟು. ಕೃಷ್ಣೆಯು ಈ ಸೀಮೆಯ ನಡುವೆ ಹರಿಯುತ್ತದೆ. ದೂಧಗಂಗೆ-ವೇದಗಂಗೆಗಳು ನಿಪ್ಪಾಣಿ-ಚಿಕ್ಕೋಡಿಗಳ ಮಗ್ಗುಲಲ್ಲಿ ಬಂದು ಅದನ್ನು ಕೂಡುತ್ತವೆ. ಈ ನದಿಗಳ ನೀರೆಲ್ಲ ಘಟ್ಟದ ಮೇಲೆ ಬಿದ್ದ ಮಳೆ. ೨೦೦೫ರಲ್ಲಿಯೂ ೨೦೧೯ರಲ್ಲಿಯೂ ಹೊಳೆಸಾಲಿನ ಊರುಗಳು ಮುಳುಗಿದವು. ಹೊಲ ಮನೆಗಳನ್ನು ಬಿಟ್ಟು ಜನ ಗುಳೆ ಹೋಗಬೇಕಾಯಿತು. ಆ ಪ್ರವಾಹಕ್ಕೂ ಊರಿನ ಮಳೆಮಾಪಕದಲ್ಲಿ ಕಂಡ ಮಳೆಗೂ ಸಂಬಂಧ ಅತ್ಯಲ್ಪ. ಒಂದೇ ತಾಲೂಕಿನ ಒಂದು ಬದಿಯಲ್ಲಿ ಮಳೆಯಿಲ್ಲದೆ ಬಂದ ನೆರೆ, ಇನ್ನೊಂದು ಬದಿಯಲ್ಲಿ ಮಳೆಯಿಲ್ಲದ್ದರಿಂದ ಬಂದ ಬರ. ಇಂಥಲ್ಲಿ ತಾಲೂಕಿನ ಸರಾಸರಿ ಮಳೆಯೆಂಬ ಮಾತಿಗೆ ಅರ್ಥವನ್ನು ಹುಡುಕಬೇಕಾಗುತ್ತದೆ. ನಿಪ್ಪಾಣಿಯು ಇತ್ತೀಚಿನವರೆಗೆ ಚಿಕ್ಕೋಡಿಯಲ್ಲಿಯೂ, ಕಾಗವಾಡವು ಅಥಣಿಯಲ್ಲಿಯೂ ಸೇರಿದ್ದುವಾದ್ದರಿಂದ ಹಳೆಯ ಲೆಕ್ಕಗಳನ್ನು ಹೊಸ ತಾಲೂಕುಗಳಿಗೆ ಹೊಂದಿಸುವವರು ಇನ್ನೂ ಎಚ್ಚರಿಕೆಯಿಂದಿರಬೇಕು.

ಮಳೆಯ ಲೆಕ್ಕವನ್ನು ತಾಲೂಕಿನ ಗಡಿಯಿಂದಲ್ಲದೆ ಮಳೆಯ ನಡತೆಯಿಂದಲೇ ವಿಂಗಡಿಸಬೇಕೆಂಬುದನ್ನು ಗಾಡ್ಗೀಳರು ಬಹಳ ಮೊದಲೇ ಮನಗಂಡಿದ್ದರು. ೧೯೮೦ರಲ್ಲಿಯೇ, ಸಿಕ್ಕಾರೊಡನೆ ಬರೆದ ವರ್ಷವೇ, ಅಯ್ಯಂಗಾರರೊಡನೆ ದಕ್ಷಿಣ ಪರ್ಯಾಯದ್ವೀಪದ ಮಳೆಕೇಂದ್ರಗಳನ್ನು ಗುಂಪುಗೂಡಿಸಿದ ಲೇಖನವೊಂದನ್ನು ಪ್ರಕಟಿಸಿದರು. ವರ್ಷದ ಯಾವ ಯಾವ ಕಾಲದಲ್ಲಿ ಎಷ್ಟೆಷ್ಟು ಮಳೆಯೆಂಬ ವಿನ್ಯಾಸದಲ್ಲಿ ಪರಸ್ಪರ ಹೋಲುವ ಊರುಗಳನ್ನು ಒಂದು ವರ್ಗಕ್ಕೆ ಸೇರಿಸುವುದು ಅದರ ಕ್ರಮ. ೧೯೮೮ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಕರ್ನಾಟಕವನ್ನೇ ಉದಾಹರಣೆಯಾಗಿ ತೆಗೆದುಕೊಂಡು, ವರ್ಷದಿಂದ ವರ್ಷಕ್ಕೆ ಮಳೆಯ ಏರಿಳಿತವು ಒಟ್ಟಾಗಿ ನಡೆಯುವ ವಲಯಗಳನ್ನು ಗುರುತಿಸಿದ ಲೇಖನವು ಬಂದಿತು. ಈ ವಲಯಗಳ ತತ್ತ್ವವು ಆಡಳಿತಕ್ಕೂ ಬೇಸಾಯಕ್ಕೂ ನೇರವಾಗಿ ಸಂಬಂಧಿಸಿದ್ದು: ಎರಡು ಊರುಗಳಿಗೆ ಬರಗಾಲವು ಒಂದೇ ವರ್ಷ ಬರುತ್ತದೆಯೇ, ಬೇರೆ ಬೇರೆ ವರ್ಷಗಳಲ್ಲಿ ಬರುತ್ತದೆಯೇ ಎಂಬುದನ್ನು ತಿಳಿಯದೆ ಜಿಲ್ಲೆಯ ಸರಾಸರಿಯ ಮೇಲೆ ಪರಿಹಾರವನ್ನೋ ವಿಮೆಯನ್ನೋ ಹಂಚಿದರೆ ಅನ್ಯಾಯವಾಗುವುದು ನಿಶ್ಚಯ.

೨೦೦೨ರಲ್ಲಿ ಪ್ರಕಟವಾದ ಮತ್ತೊಂದು ಲೇಖನವು ಪಾವಗಡ-ಅನಂತಪುರ ಸೀಮೆಯ ಮಳೆಯಾಧಾರದ ಶೇಂಗಾ ಬೇಸಾಯವನ್ನು ಕುರಿತದ್ದು. ಅದರ ಸಹಲೇಖಕರಾದ ಪಿ. ಆರ್. ಶೇಷಗಿರಿ ರಾವ್ ಅವರು ಪಾವಗಡ ಪ್ರಾಂತದಲ್ಲಿ ಸ್ವತಃ ಬೇಸಾಯ ಮಾಡುವ ವಿಜ್ಞಾನಿ. ಯಾವಾಗ ಬಿತ್ತಬೇಕು, ಖರ್ಚು ಎಷ್ಟು ಮಾಡಬೇಕು ಎಂಬ ರೈತರ ಪ್ರಶ್ನೆಗಳನ್ನೇ ಶಾಸ್ತ್ರದ ಪ್ರಶ್ನೆಗಳನ್ನಾಗಿ ಮಾಡಿ, ಹಲವು ವರ್ಷಗಳ ಮಳೆಯ ದಾಖಲೆ ಮತ್ತು ಬೆಳೆಯ ಗಣಿತದಿಂದ ಉತ್ತರವನ್ನು ಹುಡುಕಿದ್ದು ಅದರ ವಿಶೇಷ. ಇಂಥ ಕಾರ್ಯವು ಅಥಣಿಯ ಹಿಂಗಾರಿ ಜೋಳಕ್ಕಾಗಲಿ, ಚಿಕ್ಕೋಡಿಯ ಮಸಾರಿ ಭೂಮಿಯ ಶೇಂಗಾಕ್ಕಾಗಲಿ ಎಷ್ಟು ಉಪಯುಕ್ತವಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಲ್ಲೇಖಗಣನೆಯ ತಕ್ಕಡಿಯಲ್ಲಿಟ್ಟರೆ ಕರ್ನಾಟಕದ ವಲಯಗಳನ್ನು ಕುರಿತ ಲೇಖನವು ಮೇಘಪಟ್ಟಿಯ ಲೇಖನದ ಮುಂದೆ ಹಗುರು. ಕಾರಣವು ಗುಣದಲ್ಲಿಲ್ಲ, ಓದುಗರ ಸಂಖ್ಯೆಯಲ್ಲಿದೆ. ಸಂಗಮವಲಯವನ್ನು ಕುರಿತು ಬರೆಯುವವರು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಇರುವರು. ಕರ್ನಾಟಕದ ಮಳೆವಲಯವನ್ನು ಕುರಿತು ಬರೆಯುವವರು ಕರ್ನಾಟಕದಲ್ಲಿಯೇ ಬೆರಳೆಣಿಕೆಯವರು. ಸೂಚಿಯು ಮೊದಲಿನಿಂದಲೂ ಅಮೆರಿಕ-ಯೂರೋಪುಗಳ ಪತ್ರಿಕೆಗಳಿಗೆ ಹೆಚ್ಚಾಗಿ ಕಿವಿಗೊಟ್ಟದ್ದೂ ಒಂದು ಕಾರಣ. ಕೃಷಿ ಇಲಾಖೆಯ ಅಧಿಕಾರಿಯೊಬ್ಬನು ಆ ಲೇಖನವನ್ನೋದಿ ಬಿತ್ತನೆಯ ಸಲಹೆಯನ್ನು ಬದಲಿಸಿದರೆ ಅದು ಉಲ್ಲೇಖವಲ್ಲ. ಕನ್ನಡದಲ್ಲಿ ಬರೆದ ಕೈಪಿಡಿಯು ಅದನ್ನು ಅನುಸರಿಸಿದರೂ ಲೆಕ್ಕಕ್ಕೆ ಬಾರದು. ಹಿರ್ಷನ ಅಂಕವು ಸಿಕ್ಕಾ-ಗಾಡ್ಗೀಳರ ಲೇಖನವನ್ನು ಒಂದೆಂದು ಎಣಿಸುತ್ತದೆ, ತಕ್ಕಷ್ಟು ಉಲ್ಲೇಖಗೊಂಡ ಸಾಮಾನ್ಯವಾದ ಲೇಖನವನ್ನೂ ಒಂದೆಂದೇ ಎಣಿಸುತ್ತದೆ. ರನ್ನನ ಗದಾಯುದ್ಧವನ್ನೂ ಯಾವುದೋ ಸಾಧಾರಣ ಚಂಪುವನ್ನೂ ತಲಾ ಒಂದು ಗ್ರಂಥವೆಂದು ಬರೆದಿಟ್ಟಂತಾಯಿತು.

ಆದರೆ ವಿಶಾಲವಾದುದಕ್ಕೆ ಉಲ್ಲೇಖ, ಸ್ಥಳೀಯವಾದುದಕ್ಕೆ ಮೌನ ಎಂದು ಸೂತ್ರಿಸಿಬಿಡುವುದೂ ತಪ್ಪಾದೀತು. ೨೦೦೬ರಲ್ಲಿ ಪುತ್ರರೂ ಗಣಿತಜ್ಞರೂ ಆದ ಸಿದ್ಧಾರ್ಥರೊಡನೆ ಮುಂಬಯಿಯ ಅರ್ಥಶಾಸ್ತ್ರ ವಾರಪತ್ರಿಕೆಯಲ್ಲಿ ಬರೆದ ಲೇಖನವು ಎರಡೂ ಗುಣಗಳನ್ನು ಹೊಂದಿದೆ. ಉಲ್ಲೇಖವನ್ನೂ ಸಮೃದ್ಧವಾಗಿ ಪಡೆದಿದೆ. ರಾಷ್ಟ್ರೀಯ ಉತ್ಪನ್ನದಲ್ಲಿ ಬೇಸಾಯದ ಪಾಲು ದಶಕದಿಂದ ದಶಕಕ್ಕೆ ಇಳಿದರೂ, ತೀವ್ರವಾದ ಬರಗಾಲವೊಂದರಿಂದ ಆ ಉತ್ಪನ್ನಕ್ಕೆ ತಗಲುವ ನಷ್ಟವು ನೂರಕ್ಕೆ ೨ರಿಂದ ೫ರಷ್ಟೇ ಉಳಿದುಕೊಂಡು ಬಂದಿತೆಂದು ಅದರಲ್ಲಿ ತೋರಿಸಿದೆ. ಅದಕ್ಕಿಂತ ಮುಖ್ಯವಾದುದು ಮತ್ತೊಂದು: ೧೯೮೦ರ ಈಚೆಗೆ ಮಳೆ ಕೊರತೆಯಾದರೆ ಆಗುವ ನಷ್ಟದಷ್ಟು ಲಾಭವು ಮಳೆ ಹೆಚ್ಚಾದಾಗ ಆಗುವುದಿಲ್ಲ. ಮಳೆಯಾಧಾರದ ರೈತನು ಬರದ ಭಯದಿಂದ ಗೊಬ್ಬರಕ್ಕೂ ಔಷಧಕ್ಕೂ ಹಣ ಸುರಿಯಲಾರನು. ಆದಕಾರಣ ಒಳ್ಳೆಯ ಮಳೆ ಬಂದ ವರ್ಷವೂ ಅವನ ಕಣದಲ್ಲಿ ರಾಶಿ ಏರುವುದಿಲ್ಲವೆಂದು ಲೇಖಕರು ಕಾರಣವನ್ನು ಕೊಟ್ಟಿದ್ದಾರೆ. ರಾಯಬಾಗದ ಕಾಲುವೆಯ ಕೆಳಗೂ ಕಾಗವಾಡದ ಹೊಳೆದಂಡೆಯಲ್ಲೂ ಕಬ್ಬು ಬೆಳೆಯುವವನಿಗೂ ಅಥಣಿಯ ಪೂರ್ವದ ಒಣಬೇಸಾಯದವನಿಗೂ ನಡುವೆ ಇರುವ ಅಂತರವನ್ನು ಕಂಡವರಿಗೆ ಈ ವಿವರಣೆಯ ಸತ್ಯವು ಕೂಡಲೇ ಹೊಳೆಯುತ್ತದೆ.

ಮುಂಗಾರಿನ ಶಾಸ್ತ್ರವು ಹುಟ್ಟಿದ್ದೇ ಇಂಥ ಒಣನೆಲಗಳ ಸಂಕಟದಿಂದಲೆಂಬುದನ್ನು ಇಲ್ಲಿ ನೆನೆಯಬಹುದು. ೧೮೭೬-೭೮ರ ಮಹಾಕ್ಷಾಮವು ಮುಂಬಯಿ ಇಲಾಖೆಯ ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳನ್ನು ಹಾಳುಗೆಡವಿತು. ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾಗಿದ್ದರೂ, ಮಳೆಯನ್ನು ಮುಂಚಿತವಾಗಿ ಹೇಳಬೇಕೆಂಬ ಒತ್ತಾಯವು ಸರಕಾರಕ್ಕೆ ಬಂದದ್ದು ಆ ಕ್ಷಾಮದ ತರುವಾಯ. ಬ್ಲ್ಯಾನ್‌ಫರ್ಡನು ೧೮೮೦ರ ದಶಕದಲ್ಲಿ ಆ ಕಾರ್ಯಕ್ಕೆ ಕೈಹಾಕಿದನು. ಸಿಂಪ್ಸನ್ನನು ಆ ಪರಂಪರೆಯವನು.

ಉಲ್ಲೇಖದ ನಿಜವಾದ ಫಲವು ಕಾಣುವುದು ಇಲ್ಲಿಯೇ. ಗಾಡ್ಗೀಳರು ತಮ್ಮ ೨೦೦೩ರ ಪ್ರಬಂಧದಲ್ಲಿಯೂ, ಮುಂಗಾರು ಕಡಲಗಾಳಿಯೋ ಸಂಗಮವಲಯವೋ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿ ಇಟ್ಟುಕೊಂಡು ೨೦೧೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೂ, ಸಿಂಪ್ಸನ್ನನ ೧೯೨೧ರ ಮಾತನ್ನು ಮರಳಿ ಬೆಳಕಿಗೆ ತಂದರು. ಹೆಚ್ಚು ಕಡಮೆ ನೂರು ವರ್ಷ ಬಹಳಷ್ಟು ಜನ ಕಡೆಗಣಿಸಿದ್ದ ಆಕ್ಷೇಪವೊಂದು ಹೊಸ ಪ್ರಮಾಣಗಳೊಡನೆ ಮತ್ತೆ ಚರ್ಚೆಗೆ ಬಂದಿತು. ಸೂಚಿಯ ಲೆಕ್ಕದಲ್ಲಿ ಅದು ಸಿಂಪ್ಸನ್ನನಿಗೆ ಸಂದ ಎರಡು ಉಲ್ಲೇಖಗಳು ಮಾತ್ರ. ಇದೇ ೨೦೧೮ರ ಪ್ರಬಂಧವು ಹೊರಟದ್ದು ಹ್ಯಾಲಿಯ ವಿವರಣೆಯು ಪಠ್ಯಪುಸ್ತಕಗಳಲ್ಲಿ ಇನ್ನೂ ಬೇರುಬಿಟ್ಟಿರುವುದನ್ನು ಕಂಡು. ಗಾಡ್ಗೀಳರು ೨೦೨೫ರ ಜುಲೈ ತಿಂಗಳಲ್ಲಿ, ಮೇಘಪಟ್ಟಿಯು ನಾಡಿನ ಮೇಲಿರುವ ಕಾಲದಲ್ಲಿಯೇ, ತೀರಿಕೊಂಡರು. ಸಿಕ್ಕಾರೊಡನೆ ಬರೆದ ಲೇಖನಕ್ಕೆ ಆಗ ನಾಲ್ವತ್ತೈದು ವರ್ಷ ತುಂಬಿತ್ತು.